ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ

ಶಿವಾಜಿನಗರ
11 ನವೆಂಬರ್ 2024

ಲೋ ಮುನಿ,

ಹೆದರ್ಕೋಬೇಡ, ಕೋರ್ಟ್ ನೋಟಿಸ್ ಅಲ್ಲ. ನಾನೇ, ಅಕ್ತರ್. ದೊಮ್ಮಲೂರು ಸರ್ಕಾರಿ ಸ್ಕೂಲಲ್ಲಿ ಐದನೇ ಕ್ಲಾಸ್ ತನಕ ನಿನ್ನ ಪಕ್ಕದಲ್ಲಿ ಕೂತಿದ್ದೋನು. ಆಮೇಲೆ ನಾನು ಸ್ಕೂಲ್ ಬಿಟ್ನೋ, ಸ್ಕೂಲೇ ನನ್ನ ಬಿಡ್ತೋ, ಇವತ್ತಿಗೂ ತೀರ್ಮಾನ ಆಗಿಲ್ಲ. ಅಕ್ಷರ ತಪ್ಪಿದ್ರೆ ಬೈಬೇಡ. ನಿನಗೆ ಬರೋದೂ ಇಷ್ಟೇ ಅಂತ ನನಗೆ ಗೊತ್ತು.

ಈ ಕಾಲದಲ್ಲಿ ಕಾಗದ ಯಾಕೆ ಅಂತೀಯಾ? ನಿನ್ನ ನಂಬರಿಗೆ ಫೋನ್ ಮಾಡಿದ್ರೆ ಯಾರೋ ಹೆಣ್ಮಗಳು ‘ನೀವು ಕರೆ ಮಾಡಿದ ಚಂದಾದಾರರು ಬಿಜಿಯಾಗಿದ್ದಾರೆ’ ಅಂತಾಳೆ. ಬೆಳಿಗ್ಗೆನೂ ಅವಳೇ, ಸಂಜೆನೂ ಅವಳೇ. ನಿನ್ನ ಹೆಂಡ್ತಿ ಅಂಜನಕ್ಕಂಗೆ ಗೊತ್ತಾ ಇವಳ ವಿಷ್ಯ? ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಕವರು, ಸ್ಟಾಂಪು ಕೊಡಿ ಅಂದೆ. ಕೌಂಟರ್ ಹುಡುಗಿ ನನ್ನ ಮೇಲಿಂದ ಕೆಳಗೆ ನೋಡಿ, ‘ಸ್ಪೀಡ್ ಪೋಸ್ಟಾ?’ ಅಂದ್ಲು. ‘ನಿಧಾನಕ್ಕೇ ಹೋಗ್ಲಿ ಕಣಮ್ಮ, ಓದೋನೂ ನಿಧಾನ’ ಅಂದೆ.

ಇಲ್ಲಿ ಎಲ್ಲಾ ಚೆನ್ನಾಗಿದೆ. ಆಟೋ ಸೀಟ್ ಹೊಲಿಯೋ ಕೆಲಸಕ್ಕೆ ಬರ ಇಲ್ಲ. ಬೆಂಗಳೂರಲ್ಲಿ ಗುಂಡಿ ಇರೋ ತನಕ ಸೀಟು ಹರೀತಾನೇ ಇರುತ್ತೆ, ನನ್ನ ಅನ್ನ ಬೇಯ್ತಾನೇ ಇರುತ್ತೆ.

ವಿಷ್ಯಕ್ಕೆ ಬರ್ತೀನಿ. ನನ್ನ ಮಗಳು ಸಾಮಿಯಾ ಇಂದಿರಾನಗರದ ಕಡೆ ಒಂದು ಆಸ್ಪತ್ರೇಲಿ ಲ್ಯಾಬ್ ಟೆಕ್ನೀಷಿಯನ್. ಈಗ ಬಸುರಿ. ಡ್ಯೂಟಿಗೆ ನಡ್ಕೊಂಡು ಹೋಗೋ ಹಂಗೆ ಒಂದು ಮನೆ ಸಿಕ್ಕಿದ್ರೆ ಸಾಕು ಅಂತ ಅವಳೂ ಅಳಿಯ ಅಫ್ಜಲ್ಲೂ ಹುಡುಕ್ತಿದ್ರು. ನಿನ್ನ ಬಿಲ್ಡಿಂಗ್ ಗೇಟಲ್ಲಿ ಬೋರ್ಡ್ ನೋಡಿದ್ಲಂತೆ. ‘ಅಬ್ಬು, ನೀವು ಮುನಿ ಮಾಮಂಗೆ ಹೇಳ್ಬೇಡಿ, ಎಲ್ಲರ ತರ ನಾನೇ ಕೇಳ್ತೀನಿ’ ಅಂತ ಬೋರ್ಡ್ ಮೇಲಿನ ನಂಬರಿಗೆ ಫೋನ್ ಮಾಡಿದ್ಲು. ಎತ್ತಿದ್ದು ನಿನ್ನ ಮಗ ಪ್ರೇಮ್‌ಕುಮಾರ. ಇವಳ ದನಿ ಅವನಿಗೆ ಗುರುತು ಸಿಗಲಿಲ್ಲ.

‘ಹೆಸರೇನು ಮೇಡಂ?’

‘ಸಾಮಿಯಾ.’

‘ಓ... ಇಲ್ಲಿ ವೆಜ್ ಓನ್ಲಿ ಮೇಡಂ.’

‘ಮನೇಲಿ ಮಾಂಸ ಬೇಯ್ಸಲ್ಲ, ಬೇಕಾದ್ರೆ ಬರೆದು ಕೊಡ್ತೀನಿ.’

‘ಅದಲ್ಲ ಮೇಡಂ, ಆಕ್ಚುಲಿ ಮನೆ ಹೋಗ್ಬಿಡ್ತು.’

ಯಾರ ಮಗಳು ಅಂತ ಹೇಳದೇನೇ ಫೋನ್ ಇಟ್ಲು. ನನಗೆ ನಂಬಿಕೆ ಬರಲಿಲ್ಲ. ನಿಮ್ಮನೆ ಮೇಲೆ ಸಸ್ಯಾಹಾರಿ ಅನ್ನೋ ಅಕ್ಷರಾನಾ? ನಿಮ್ಮಜ್ಜಿ ಸಾಯೋವಾಗ ಬಾಯಿಗೆ ಗಂಗಾಜಲ ಬಿಟ್ರೆ, ‘ಇದ್ಯಾಕ್ರೋ, ಬೋಟಿ ಸಾರು ಇದ್ರೆ ಬಿಡ್ರೋ’ ಅಂದೋಳು! ನೋಡ್ಕೊಂಡೇ ಬರೋಣ ಅಂತ ಬಂದೆ. ಬೋರ್ಡು ಹಂಗೇ ನೇತಾಡ್ತಿತ್ತು. ಓದಿ ನಗ್ತಾ ನಿಂತಿದ್ದೆ. ನೀನು ಹಳೇ ಮನೆ ಜಗಲಿ ಕಲ್ಲನ್ನ ಗೇಟ್ ಪಕ್ಕ ಹಾಕಿಸ್ಕೊಂಡಿದ್ದೀಯಲ್ಲ, ಅದರ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದೆ. ‘ಲೋ ಮುನಿ’ ಅಂದೆ. ನೀನು ತಲೆ ಎತ್ತಿದೆ. ನನ್ನ ನೋಡಿದೆ. ಮೊರ ಎತ್ಕೊಂಡು ಒಳಗೆ ಹೋಗ್ಬಿಟ್ಟೆ. ಅವರೆಕಾಯಿ ಕೆಳಗೆ ಬಿತ್ತು, ಎತ್ಕೊಳ್ಳೋಕೂ ನಿಲ್ಲಲಿಲ್ಲ. ನಾನೇ ಎತ್ತಿ ಕಲ್ಲಿನ ಮೇಲಿಟ್ಟು ಬಂದೆ. ಒಳ್ಳೆ ಸೊಗಡು ಕಾಯಿ.

ಮನೆ ಸಿಗಲಿಲ್ಲ ಅಂತ ನಾನು ಅಳಲ್ಲ ಗುರು. ನಾನು ಹುಟ್ಟಿದ್ದೇ ನಿಮ್ಮಪ್ಪನ ವಠಾರದ ಕಡೇ ಮನೇಲಿ. ಹೆಂಚು ಸೋರೋದು, ಚೇಳು ಬೀಳೋದು, ಆದ್ರೆ ನೀವು ಯಾವ ಜನ ಅಂತ ನಿಮ್ಮಪ್ಪ ಯಾವತ್ತೂ ಕೇಳಲಿಲ್ಲ. ಈಗ ಅದೇ ಜಾಗದಲ್ಲಿ ಲಿಫ್ಟ್ ಬಂದಿದೆ, ಗ್ರಾನೈಟ್ ಬಂದಿದೆ. ಮನೆ ದೊಡ್ಡದಾದಂಗೆ ಬಾಗಿಲು ಚಿಕ್ಕದಾಯ್ತಾ?

ಅದೆಲ್ಲ ಬಿಡು. ನೀನು ನನ್ನ ನೋಡಿ ಎದ್ದು ಒಳಗೆ ಹೋದ್ಯಲ್ಲ, ಯಾಕೆ? ಅದೊಂದು ಹೇಳು. ನಾನು ಮತ್ತೆ ನಿನ್ನ ಬಾಗಿಲಿಗೆ ಬರಬಹುದು. ನೀನು ಇನ್ನೊಂದ್ಸಲ ಒಳಗೆ ಹೋದ್ರೆ ನೋಡೋಕೆ ನನ್ನ ಕೈಲಿ ಆಗಲ್ಲ. ಕಾಗದಕ್ಕೆ ಕಣ್ಣಿಲ್ಲ, ಅದಕ್ಕೇ ಅದನ್ನ ಕಳಿಸ್ತಿದ್ದೀನಿ.

ಸಂಕ್ರಾಂತಿ ಆದ್ಮೇಲೆ ನಿಮ್ಮ ಮುನೇಶ್ವರನ ಪೂಜೆ. ನಿಮ್ಮ ತಾತನ ಕಾಲದಿಂದ ಅದಕ್ಕೆ ಕುರಿಮರಿ ಕೊಯ್ಯೋದು ನಮ್ಮ ಮನೆಯೋರು. ನೀವು ಕಾಯಿ ಒಡೀತೀರ, ನಾವು ಬಿಸ್ಮಿಲ್ಲಾ ಅಂತೀವಿ, ಎರಡೂ ಮನೆಯೋರು ಒಂದೇ ಪಂಕ್ತೀಲಿ ಕೂತು ಉಣ್ತೀವಿ. ಮುನೇಶ್ವರ ಇವತ್ತಿನವರೆಗೂ ಕಂಪ್ಲೇಂಟ್ ಮಾಡಿಲ್ಲ. ಕತ್ತಿ ಸಾಣೆ ಹಿಡಿಸ್ಲಾ?

ನಿನ್ನ ಪಕ್ಕದ ಜಾಗದೋನು,
ಅಕ್ತರ್


ಶಿವಾಜಿನಗರ
5 ಡಿಸೆಂಬರ್ 2024

ಲೋ ಮುನಿ,

ಉತ್ತರ ಇಲ್ಲ. ಇರಲಿ. ನಿನಗೆ ಪೆನ್ನು ಸಿಕ್ಕಿರಲ್ಲ.

ನಿನ್ನೆ ಹಲಸೂರಿಗೆ ರೆಕ್ಸಿನ್ ತರೋಕೆ ಹೋಗಿದ್ದೆ. ವಾಪಸ್ ಬರ್ತಾ ನಮ್ಮ ಆದಿನಾರಾಯಣನ ಮೆಸ್ಸಿಗೆ ಇಣುಕಿದೆ. ಒಳಗೆ ಕೈತೊಳೆಯೋ ಬೇಸಿನ್ ಹಿಂದೆ, ಗೋಡೆ ಕಡೆ ಮುಖ ಮಾಡ್ಕೊಂಡು ಯಾರೋ ಮುದ್ದೆ ಮುರೀತಿದ್ರು. ಬೆನ್ನು ನೋಡಿದ್ರೇ ಗೊತ್ತಾಯ್ತು. ಆ ಬೆನ್ನಿನ ಮೇಲೆ ಉಪ್ಪಿನ ಮೂಟೆ ಕೂತು ಬೆಳೆದೋನು ನಾನು.

ಆದಿನಾರಾಯಣನ್ನ ಪಕ್ಕಕ್ಕೆ ಕರೆದು ಕೇಳಿದೆ. ‘ನಮ್ಮ ಮುನಿ ಅಣ್ಣನಾ? ವಾರ ವಾರ ಬರ್ತಾರೆ. ತಲೆಕಾಲು ಸಾರು ಹಾಕಿಸ್ಕೋತಾರೆ. ಹೋಗೋವಾಗ ಏಲಕ್ಕಿ ಅಗೀತಾರೆ. ಮನೇಲಿ ಮಾಡಂಗಿಲ್ವಂತೆ. ಮೇಲಿನ ಬಾಡಿಗೆಯೋರು ವಾಸನೆ ಅಂತಾರಂತೆ’ ಅಂದ.

ಮೊದ್ಲು ನಗು ಬಂತು ಕಣೋ. ಸ್ವಂತ ಬಿಲ್ಡಿಂಗ್ ಇರೋ ಮನುಷ್ಯ, ಬೆಕ್ಕಿನ ತರ ಕದ್ದು ತಿಂತಾನೆ! ಬಾಡಿಗೆಯೋರು ಓನರ್‌ಗೆ ಕಂಡೀಷನ್ ಹಾಕೋ ಕಾಲ ಬಂತಾ! ಒಳಗೆ ಬಂದು ನಿನ್ನ ಬೆನ್ನಿಗೆ ಗುದ್ದಿ, ‘ಏನ್ ಸ್ವಾಮಿಗಳೇ, ಪಲ್ಯ ಚೆನ್ನಾಗಿದ್ಯಾ?’ ಅನ್ನೋಣ ಅಂತ ಕಾಲೂ ಎತ್ತಿದೆ.

ಅಷ್ಟರಲ್ಲಿ ನೀನು ಮೂಳೆ ಹೀರೋದು ಕಾಣಿಸ್ತು. ಸದ್ದಾಗದಂಗೆ ಹೀರ್ತಿದ್ದೆ. ನೀನು ಮೂಳೆ ಹೀರಿದ್ರೆ ಮೂರನೇ ಮನೆಗೆ ಕೇಳಿಸ್ತಿತ್ತಲ್ಲೋ! ನಗು ನಿಂತೋಯ್ತು. ಉಣ್ಣೋನನ್ನ ಎಬ್ಬಿಸಬಾರ್ದು ಅಂತ ನಮ್ಮಮ್ಮ ಹೇಳೋಳು. ಒಳಗೆ ಬರಲಿಲ್ಲ. ಆದಿನಾರಾಯಣಂಗೆ ಸನ್ನೆ ಮಾಡಿ ನಿನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿಸಿ ಬಂದೆ. ‘ಕೇಳಿದ್ದಕ್ಕಿಂತ ಜಾಸ್ತಿ ಯಾಕೆ ಹಾಕಿದ?’ ಅಂತ ನೀನು ಯೋಚನೆ ಮಾಡಿರ್ತೀಯ. ಈಗ ಗೊತ್ತಾಯ್ತಾ?

ಅದೇ ಪಕ್ಕದೋನು,
ಅಕ್ತರ್


ದೊಮ್ಮಲೂರು
28 ಡಿಸೆಂಬರ್ 2024

ಅಕ್ತರ್,

ಎರಡೂ ಕಾಗದ ಬಂತು. ಇನ್ನು ಬರೀಬೇಡ.

ಈ ವರ್ಷ ಮುನೇಶ್ವರಂಗೆ ಮರಿ ಇಲ್ಲ. ಬೂದುಗುಂಬಳ ಒಡೆದು ಮುಗಿಸ್ತೀವಿ. ದೇವರ ಕಲ್ಲು ಪಾರ್ಕಿಂಗ್ ಒಳಗೆ ಬಂದಿದೆ. ಕಾರುಗಳ ಮಧ್ಯೆ ರಕ್ತ ಗಿಕ್ತ ಬೇಡ ಅಂತ ಎಲ್ಲರೂ ಅಂತಾರೆ. ಕತ್ತಿ ಸಾಣೆ ಹಿಡಿಸ್ಬೇಡ. ಬರೋದೂ ಬೇಡ.

ಸಾಮಿಯಾ ಫೋನ್ ಮಾಡಿದ್ದು ನನಗೆ ಗೊತ್ತಿರಲಿಲ್ಲ.

ನೀನು ಎತ್ತಿಟ್ಟ ಅವರೆಕಾಯಿ ಸಾರಿಗೆ ಹಾಕಿದ್ವಿ.

ಮುನಿನಾರಾಯಣಪ್ಪ


ಶಿವಾಜಿನಗರ
19 ಜನವರಿ 2025

ಶ್ರೀಯುತ ಮುನಿನಾರಾಯಣಪ್ಪನವರಿಗೆ,

ನೀನು ಪೂರ್ತಿ ಹೆಸರು ಹಾಕಿದ್ದೀಯ, ನಾನೂ ಪೂರ್ತಿ ಕರೀತಿದ್ದೀನಿ. ಬರೀಬೇಡ ಅಂದೆ. ಐದನೇ ಕ್ಲಾಸಲ್ಲೂ ಮೇಷ್ಟ್ರು ಮಾತಾಡ್ಬೇಡ ಅಂದಾಗ್ಲೇ ನಾನು ಜಾಸ್ತಿ ಮಾತಾಡ್ತಿದ್ದೆ. ಇದೊಂದು ಬರ್ದು ಮುಗಿಸ್ತೀನಿ.

ಸಾಮಿಯಾಗೆ ಮನೆ ಸಿಕ್ತು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ಹಿಂದೆ. ಬಸ್ಸು ಬ್ರೇಕ್ ಹಾಕಿದ್ರೆ ಅಡುಗೆಮನೆ ಪಾತ್ರೆಗಳು ಉತ್ತರ ಕೊಡ್ತವೆ. ಅದಕ್ಕೆ ಮುಂಚೆ ಇವರು ನೋಡದ ಮನೆ ಇಲ್ಲ. ಒಬ್ಬರು ವೆಜ್ಜಾ ಅಂದ್ರು. ಒಬ್ಬರು ವಾಸ್ತು ಸರಿಯಿಲ್ಲ ಅಂದ್ರು, ಬಾಡಿಗೆಗೆ ಬರೋರ ವಾಸ್ತು! ಇನ್ನೊಬ್ಬರು ‘ನಮಗೇನಿಲ್ಲಪ್ಪ, ನಮ್ಮತ್ತಿಗೆ ಒಪ್ಪಲ್ಲ’ ಅಂದ್ರು. ಅವರಿಗೆ ಅತ್ತಿಗೇನೇ ಇಲ್ಲ ಅಂತ ಪಕ್ಕದ ಅಂಗಡಿಯೋನು ಹೇಳ್ದ. ನಮ್ಮ ಅಫ್ಜಲ್ ಸುಸ್ತಾಗಿ, ‘ಸಾಮಿ, ಫೋನಲ್ಲಿ ಸೌಮ್ಯ ಅಂತ ಹೇಳು’ ಅಂದ. ಇವಳು, ‘ಮನೆ ಬಾಡಿಗೆಗೆ ತಗೊಳ್ಳೋಕೆ ಮುಂಚೆ ಹೆಸರು ಬಾಡಿಗೆಗೆ ತಗೋಬೇಕಾ? ನಕ್ಕೋ, ಬೇಡವೇ ಬೇಡ!’ ಅಂದ್ಲು. ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಅವಳು ನಗದೇ ಇದ್ದದ್ದು ನಾನು ಅವತ್ತೇ ಮೊದಲು ನೋಡಿದ್ದು.

ಹೊಟ್ಟೆ ಹೊತ್ಕೊಂಡು ಎರಡು ಬಸ್ ಬದಲಾಯಿಸಿ ಡ್ಯೂಟಿಗೆ ಹೋಗಿ ಬರ್ತಿದ್ಲು. ಈಗ ರಜ ಹಾಕಿದ್ದಾಳೆ. ಇವತ್ತೋ ನಾಳೆಯೋ ಅಂತಿದೆ. ನನ್ನ ಹೆಂಡ್ತಿ ಮೆಹ್ವಿಶ್ ಹೋದ್ಮೇಲೆ ಮನೇಲಿ ಹೆಣ್ಣುದಿಕ್ಕಿಲ್ಲ. ಅಫ್ಜಲ್ ತಾಯಿಗೆ ಮಂಡಿನೋವು, ಕೆಳಗೆ ಕೂತ್ರೆ ಏಳೋಕಾಗಲ್ಲ. ಬಾಣಂತಿಗೆ, ಮಗುಗೆ ಯಾರು ನೀರು ಹಾಕ್ತಾರೆ ಅನ್ನೋದೇ ಯೋಚನೆ. ನಾನು ಹಾಕಬಹುದು, ಆದ್ರೆ ಮಗು ಸ್ಪಂಜ್ ಅಲ್ವಲ್ಲ, ಹಿಂಡಿಬಿಟ್ರೆ?

ನಿಮ್ಮ ಪ್ರೇಮ್‌ಕುಮಾರ ಹುಟ್ಟಿದಾಗ ನಿಮ್ಮಮ್ಮಂಗೆ ಕೈ ನಡುಗ್ತಿತ್ತು, ನೆನಪಿದ್ಯಾ? ನಮ್ಮಮ್ಮ ಚಾಂದ್ ಬೀ ತಾನೇ ಬಚ್ಚಲಲ್ಲಿ ಕಾಲು ಚಾಚ್ಕೊಂಡು ಕೂತು, ಅವನನ್ನ ಕಾಲ ಮೇಲೆ ಮಲಗಿಸ್ಕೊಂಡು ದಿನಾ ನೀರು ಹಾಕಿದ್ದು? ಎಣ್ಣೆ ಕೈಲಿ ಮೂಗು ನೀವಿ ನೀವಿ ನೆಟ್ಟಗೆ ಮಾಡಿದ್ಲು. ಈಗ ಅವನ ಮೂಗು ಅಷ್ಟು ಚೆನ್ನಾಗಿರೋದು ನಮ್ಮಮ್ಮನ ಕೈಗುಣ. ಮುಂದಿನ ಸಲ ಯಾರಿಗಾದ್ರೂ ‘ಮನೆ ಹೋಗ್ಬಿಡ್ತು ಮೇಡಂ’ ಅನ್ನೋಕೆ ಮುಂಚೆ ಒಂದ್ಸಲ ಕನ್ನಡೀಲಿ ಮೂಗು ನೋಡ್ಕೊಳ್ಳೋಕೆ ಹೇಳು.

ಇವತ್ತು ಮುನೇಶ್ವರನ ಪೂಜೆ ಅಲ್ವಾ. ಕುಂಬಳಕಾಯಿ ಕೊಯ್ಯೋಕೆ ನಾನು ಬೇಕಾಗಿಲ್ಲ. ಆದ್ರೂ ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಕತ್ತಿ ಒರೆಸಿಟ್ಟೆ.

ಇನ್ನು ಬರೆಯಲ್ಲ. ಆರೋಗ್ಯ ನೋಡ್ಕೋ. ಮೂಳೆ ಸದ್ದು ಮಾಡಿ ಹೀರು.

ಅಕ್ತರ್


ದೊಮ್ಮಲೂರು
20 ಫೆಬ್ರವರಿ 2025

ಅಕ್ತರ್,

ಅಂಜನ ದಿನಾ ಬೆಳಿಗ್ಗೆ ಎಲ್ಲಿಗೆ ಹೋಗ್ತಾಳೆ ಅಂತ ನಿನಗೆ ಗೊತ್ತಿರುತ್ತೆ.

ಅವಳಿಗೆ ಓದೋಕೆ ಬರಲ್ಲ. ನಿನ್ನ ಕಡೇ ಕಾಗದ ನಾನೇ ಓದಿ ಹೇಳ್ದೆ. ಮೂಗಿನ ವಿಷ್ಯ ಬಂದಾಗ ನಗ್ತಾಳೆ ಅಂದ್ಕೊಂಡೆ. ಎದ್ದು ಹೋಗಿ ಸೀಗೆಕಾಯಿ ಡಬ್ಬ ಹುಡುಕಿದ್ಲು. ಅಷ್ಟೇ. ಅದಾದ್ಮೇಲೆ ಬೆಳಿಗ್ಗೆ ಕಾಫಿ ಕುಡಿದು ಹೋದ್ರೆ ಮಧ್ಯಾಹ್ನಕ್ಕೆ ಬರ್ತಾಳೆ. ಸೀರೆಯಿಂದ ಎಳೇ ಮಗು ವಾಸನೆ. ಎಲ್ಲಿಗೆ ಅಂದ್ರೆ, ‘ಸಾಲದ ಮನೆಗೆ’ ಅಂತಾಳೆ. ನಿನ್ನೆ ಹಿಂದೇನೇ ಹೋದೆ. ಟಿನ್ ಫ್ಯಾಕ್ಟರೀಲಿ ಬಸ್ ಇಳಿದು ಸಂದಿಗೆ ಹೋದ್ಲು. ಒಳಗಿಂದ ಮಗು ಅಳೋದು ಕೇಳಿಸ್ತು, ಆಮೇಲೆ ಅಂಜನ ಜೋರಾಗಿ ಹಾಡಿದ್ದೂ ಕೇಳಿಸ್ತು. ರಸ್ತೇಲಿ ನಿಂತಿದ್ದು ವಾಪಸ್ ಬಂದೆ.

ಹೆಣ್ಣು ಮಗು ಅಂತ ಅವಳೇ ಹೇಳಿದ್ಲು. ಸಂತೋಷ.

ಅವತ್ತು ಯಾಕೆ ಒಳಗೆ ಹೋದೆ ಅಂತ ನೀನು ಕೇಳಿದ್ದಕ್ಕೆ ಉತ್ತರ. ಹೋದ ವರ್ಷ ಬಿಲ್ಡಿಂಗ್ ಕಟ್ಟಿ ಮುಗಿಸಿದಾಗ ಮೊದ್ಲು ಬಂದ ಬಾಡಿಗೆಯೋರು, ಇಲ್ಲಿ ಯಾರೂ ಮಾಂಸ ಮಾಡಬಾರ್ದು, ಹಂಗಾದ್ರೆ ಬರ್ತೀವಿ ಅಂದ್ರು. ಒಳ್ಳೆ ಪಾರ್ಟಿ ಅಂತ ಪ್ರೇಮ್‌ಕುಮಾರ ಅಗ್ರಿಮೆಂಟಲ್ಲೇ ಬರೆಸಿಬಿಟ್ಟ. ನಮ್ಮನೇಗೂ ಸೇರಿಸಿ. ಅಂಜನ ಒಂದಿನ ಮೀನು ಹುರಿದ್ಲು, ಮೇಲಿನೋರು ಇಳಿದು ಬಂದು ಮೂರು ಸಲ ಬೆಲ್ ಮಾಡಿದ್ರು. ಅವತ್ತಿಂದ ನಿಲ್ಲಿಸಿದ್ವಿ. ನೀನು ಗೇಟ್ ಹತ್ರ ಬೋರ್ಡ್ ಓದಿ ನಗ್ತಾ ನಿಂತಿದ್ದೆ. ಮರಿ ವಿಷ್ಯ ಕೇಳೋಕೆ ಬಂದೆ ಅಂದ್ಕೊಂಡೆ. ನಮ್ಮ ದೇವರಿಗೆ ನಾವೇ ಮರಿ ಕೊಡಂಗಿಲ್ಲ ಅಂತ ನಿನ್ನ ಮುಂದೆ ಹೆಂಗ್ ಹೇಳ್ಲಿ? ಬಾಯಿ ಬರಲಿಲ್ಲ, ಕಾಲು ಬಂತು. ಎದ್ದು ಹೋದೆ.

ಮುನಿನಾರಾಯಣಪ್ಪ


ಶಿವಾಜಿನಗರ
24 ಫೆಬ್ರವರಿ 2025

ಲೋ ಮುನಿ,

ಬರೆಯಲ್ಲ ಅಂದಿದ್ದೆ. ನನ್ನ ಮಾತು, ನೀನು ನಂಬಿದ್ರೆ ನಿಂದೇ ತಪ್ಪು.

ಮಗು ಹೆಸರು ನಾಜಿಶ್. ಹುಟ್ಟಿದಾಗ ನನ್ನ ತರ ಇದ್ಲು, ಎಲ್ಲರೂ ಗಾಬರಿಯಾದ್ರು. ಈಗ ಅಂಜನಕ್ಕನ ಕೈಲಿ ಸುಧಾರಿಸ್ತಿದ್ದಾಳೆ.

ಮೊದಲನೇ ದಿನ ಅಕ್ಕ ಬಂದು ನಿಂತಾಗ ನಾನೂ ಅಲ್ಲೇ ಇದ್ದೆ. ಕೈಲಿ ಸೀಗೆಕಾಯಿ, ಕಡ್ಲೆಹಿಟ್ಟು, ಹರಳೆಣ್ಣೆ ಬಾಟ್ಲು. ಸಾಮಿಯಾ ‘ಬನ್ನಿ ಅತ್ತೆ’ ಅಂದ್ಲು, ಮುಖ ಆ ಕಡೆ ಇತ್ತು. ಅಕ್ಕ ಸೆರಗು ಸಿಕ್ಕಿಸಿ ಸೀದಾ ಬಚ್ಚಲಿಗೆ ಹೋಗಿ ಕಾಲು ಚಾಚಿ ಕೂತ್ಲು. ಬಚ್ಚಲು ಎಷ್ಟು ಚಿಕ್ಕದು ಅಂದ್ರೆ ಪಾದ ಬಾಗಿಲಾಚೆ ಬಂತು.

‘ಕೊಡೇ ಮಗೂನ.’

‘ಅತ್ತೆ, ನಿಮಗ್ಯಾಕೆ ತೊಂದ್ರೆ?’

‘ತೊಂದ್ರೆ ಅಂತ ನಿಮ್ಮಜ್ಜಿ ಅಂದಿದ್ರೆ ನನ್ನ ಮಗ ಇವತ್ತಿಗೂ ಚಪ್ಪಟೆ ಮೂಗಲ್ಲಿ ಓಡಾಡ್ತಿದ್ದ. ಕೊಡೇ.’

ನೀರು ಹಾಕ್ತಾ ಹಾಕ್ತಾ, ಸಾಮಿಯಾ ಮುಖ ನೋಡದೇನೇ ಅಂದ್ಲು: ‘ಆ ಬೋರ್ಡ್ ನಾನೂ ದಿನಾ ನೋಡ್ತಿದ್ದೆ ಕಣೇ. ಓದೋಕೆ ಬರಲ್ಲ ಅಂತ ಸುಮ್ನಿದ್ದೆ. ಓದೋಕೆ ಬರದೇ ಇದ್ರೂ ಅದರಲ್ಲಿ ಏನಿದೆ ಅಂತ ಗೊತ್ತಿತ್ತು. ಹೂಂ, ಬಿಸಿನೀರು ಬೆರೆಸು, ಮಗು ನಡುಗ್ತಿದೆ.’ ಸಾಮಿಯಾ ನೀರು ಬೆರೆಸಿದ್ಲು. ಹಬೇಲಿ ಇಬ್ಬರ ಮುಖಾನೂ ಕಾಣಿಸಲಿಲ್ಲ. ನಾನು ಹೊರಗೆ ಬಂದು ಬಸ್ ನಂಬರ್ ಓದ್ತಾ ನಿಂತೆ.

ನೋಡಿದ್ಯಾ, ನಿನ್ನ ಹೆಂಡ್ತಿ ಅರ್ಧ ಹೇಳಿ ನಿಲ್ಲಿಸಲಿಲ್ಲ. ನೀನು ಅರ್ಧ ಹೇಳಿದ್ದೀಯ. ಮರಿ ವಿಷ್ಯಕ್ಕೆ ನಾಚಿಕೆ ಆಯ್ತು, ಒಪ್ಪಿದೆ. ಬೋರ್ಡ್ ವಿಷ್ಯಕ್ಕೆ? ನಿನಗೆ ತಟ್ಟೋ ತನಕ ಅದು ಬರೀ ಬೋರ್ಡಾಗಿತ್ತಾ? ಕೋಪದಲ್ಲಿ ಕೇಳ್ತಿಲ್ಲ ಮಗಾ. ನಿನ್ನ ಬಿಟ್ಟು ಇದನ್ನ ಕೇಳೋಕೆ ನನಗೆ ಇನ್ಯಾರಿದ್ದಾರೆ?

ಮುಂದಿನ ಸಲ ಟಿನ್ ಫ್ಯಾಕ್ಟರಿ ತನಕ ಬಂದ್ರೆ ರಸ್ತೇಲಿ ನಿಲ್ಲಬೇಡ. ಬಸ್ಸು ಗುದ್ದುತ್ತೆ.

ಅಜ್ಜ ಆದೋನು,
ಅಕ್ತರ್


ದೊಮ್ಮಲೂರು
9 ಮಾರ್ಚ್ 2025

ಅಕ್ತರ್,

ನೀನು ಕೇಳಿದ್ದು ಸರಿ. ಆ ಬೋರ್ಡ್ ಯಾರನ್ನ ತಡೆಯುತ್ತೆ ಅಂತ ನನಗೆ ಗೊತ್ತಿತ್ತು. ಯಾರೋ ಬೇರೆಯೋರಿಗೆ ಅಂತ ಸುಮ್ನಿದ್ದೆ.

ಮೊದಲನೇ ಮಹಡಿ ಮನೆ ಖಾಲಿ ಇದೆ. ಪ್ರೇಮ್‌ಕುಮಾರನ ಹತ್ರ ಜಗಳ ಆಡಿದ್ದೀನಿ. ‘ಅಪ್ಪಾ, ಅವಳು ಅಕ್ತರ್ ಮಾಮನ ಮಗಳು ಸಾಮಿ ಅಂತ ಒಂದು ಮಾತು ಹೇಳಿದ್ರೆ ನಾನು ಬೇಡ ಅಂತಿದ್ನಾ? ನಮ್ಮೋರಲ್ವಾ!’ ಅಂದ. ‘ಹೋಗಿ ನೀನೇ ಕರಿ’ ಅಂದೆ. ನಾಚ್ಕೋತಾನೆ. ಅದಕ್ಕೆ ನಾನು ಬರೀತಿದ್ದೀನಿ. ಸಾಮಿಯಾ, ಅಳಿಯ, ಮಗು ಬಂದು ಇರ್ಲಿ. ಏನು ಬೇಕಾದ್ರೂ ಬೇಯಿಸ್ಕೊಳ್ಳಲಿ. ಅಡ್ವಾನ್ಸ್ ಗಿಡ್ವಾನ್ಸ್ ಏನೂ ಬೇಡ. ಸುಣ್ಣ ಹೊಡೆಸಿಟ್ಟಿದ್ದೀನಿ. ಬೀಗದ ಕೈ ಅಂಜನನ ಕೈಲಿ ಕಳಿಸ್ತೀನಿ.

ಇದನ್ನಾದ್ರೂ ಒಪ್ಕೋ.

ಮುನಿ


ಟಿನ್ ಫ್ಯಾಕ್ಟರಿ
16 ಮಾರ್ಚ್ 2025

ಮುನಿ ಮಾಮನಿಗೆ ಸಾಮಿಯಾಳ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಅಬ್ಬು ಕುಣಿದಾಡಿದರು. ಟೆಂಪೋದವರಿಗೆ ಫೋನ್ ಮಾಡಲು ಹೊರಟಿದ್ದರು. ಇದಕ್ಕೆ ಉತ್ತರ ನಾನು ಬರೆಯುತ್ತೇನೆ ಎಂದು ಅವರನ್ನು ಕೂರಿಸಿದ್ದೇನೆ.

ಅತ್ತೆ ಪ್ರತಿದಿನ ಬರುತ್ತಾರೆ. ನಾಜಿಶ್ ಅವರ ದನಿ ಕೇಳಿದರೆ ಅಳು ನಿಲ್ಲಿಸುತ್ತಾಳೆ. ಅವರು ತಂದ ಬೀಗದ ಕೈ ಈ ಲಕೋಟೆಯಲ್ಲಿದೆ. ವಾಪಸ್ಸು ಕಳಿಸುತ್ತಿರುವುದು ಕೋಪದಿಂದಲ್ಲ ಮಾಮ.

ಅವತ್ತು ಫೋನಿನಲ್ಲಿ ‘ನಾನು ಅಕ್ತರ್ ಮಗಳು’ ಎಂದಿದ್ದರೆ ಪ್ರೇಮಣ್ಣ ಆಗಲೇ ಮನೆ ಕೊಡುತ್ತಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಲಿಲ್ಲ. ನಮ್ಮ ಲ್ಯಾಬಿನಲ್ಲಿ ರಾಜೇಶ್ವರಿ ಅಂತ ಇದ್ದಾಳೆ. ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ‘ವೆಜ್ಜಾ?’ ಎಂದರೆ ಹೌದು ಎನ್ನುತ್ತಾಳೆ. ಆಮೇಲೆ ಮೆಲ್ಲಗೆ ‘ನೀವು ಯಾವ ಜನ?’ ಎಂದು ಕೇಳುತ್ತಾರೆ. ಅವಳು ಸುಳ್ಳು ಹೇಳುವುದಿಲ್ಲ. ಆಗ ಅವಳಿಗೂ ‘ಮನೆ ಹೋಗಿಬಿಡುತ್ತದೆ’. ಬೋರ್ಡಿನಲ್ಲಿರುವುದು ಊಟದ ಮಾತು, ಕೇಳುವುದು ಮಾತ್ರ ಹುಟ್ಟಿನ ಮಾತು. ಅವಳಿಗೆ ಮುನಿ ಮಾಮ ಇಲ್ಲ. ಅವಳ ಅಜ್ಜಿ ಯಾರ ಮಗನ ಮೂಗನ್ನೂ ತಿದ್ದಿಲ್ಲ. ಹಾಗಾದರೆ ಅವಳು ಎಲ್ಲಿಗೆ ಹೋಗಬೇಕು?

ನಮ್ಮವರು ಎಂದು ನನಗೆ ಬಾಗಿಲು ತೆಗೆದರೆ ಆ ಬೋರ್ಡು ಅಲ್ಲೇ ಇರುತ್ತದೆ. ನಾನು ದಿನಾ ಅದರ ಕೆಳಗೇ ಓಡಾಡಬೇಕು.

ದೊಡ್ಡ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಮುಂದಿನ ತಿಂಗಳು ಮಗು ಬಿಟ್ಟು ಎರಡು ಬಸ್ ಹತ್ತಬೇಕು. ಇದನ್ನು ಬರೆಯುವಾಗ ಪೆನ್ನು ಕೆಳಗಿಟ್ಟು ಆ ಬೀಗದ ಕೈಯನ್ನು ತುಂಬ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ಆದರೂ ಈ ಮನೆಯನ್ನು ನನಗೆ ಕೊಡಬೇಡಿ. ನಿಮಗೆ ಗೊತ್ತಿಲ್ಲದವರು ಯಾರಾದರೂ ಫೋನ್ ಮಾಡುತ್ತಾರಲ್ಲ, ಅವರಿಗೆ ಕೊಡಿ.

ರಂಜಾನ್ ತಿಂಗಳು. ಹಬ್ಬಕ್ಕೆ ನೀವು ಬರಲೇಬೇಕು. ಬಂದು ನಾಜಿಶ್‌ಳನ್ನು ಎತ್ತಿಕೊಳ್ಳಿ. ರಸ್ತೆಯಲ್ಲಿ ನಿಲ್ಲಬೇಡಿ.

ನಿಮ್ಮ
ಸಾಮಿಯಾ


ದೊಮ್ಮಲೂರು
26 ಮಾರ್ಚ್ 2025

ಲೋ ಅಕ್ತರ್,

ನಿನ್ನ ಮಗಳ ಕಾಗದ ಎರಡು ಸಲ ಓದಿದೆ. ಆಮೇಲೆ ಅಂಜನಂಗೆ ಓದಿ ಹೇಳ್ದೆ. ‘ಚಾಂದ್ ಬೀ ಮೊಮ್ಮಗಳು’ ಅಂದ್ಲು. ಪ್ರೇಮ್‌ಕುಮಾರಂಗೆ ಓದಿ ಹೇಳ್ದೆ. ಅರ್ಧದಲ್ಲೇ ಎದ್ದೋದ. ಎಲ್ಲಿಗೆ ಅಂತ ನೋಡಿದ್ರೆ ಬಾತ್‌ರೂಮ್ ಕನ್ನಡಿ ಮುಂದೆ ನಿಂತಿದ್ದ. ಮೂಗು ನೋಡ್ಕೋತಿದ್ನೋ ಏನೋ, ನಾನು ಕೇಳಲಿಲ್ಲ.

ಬೋರ್ಡಿನ ಕೆಳಗಿನ ಸಾಲಿಗೆ ಬಿಳಿ ಪೇಂಟ್ ಹೊಡ್ದೆ. ಒಂದು ಕೋಟ್ ಬಳಿದ್ರೆ ಅಕ್ಷರ ಹೋಗಲಿಲ್ಲ. ಬಿಸಿಲಲ್ಲಿ ನಿಂತು ಇನ್ನೊಂದು ಹೊಡ್ದೆ. ಎರಡನೇ ಮಹಡಿಯೋರು ಖಾಲಿ ಮಾಡ್ತೀವಿ ಅಂದಿದ್ದಾರೆ. ಸರಿ ಅಂದೆ. ಪ್ರೇಮ್‌ಕುಮಾರ ಮುಖ ಗಂಟಿಕ್ಕೊಂಡಿದ್ದಾನೆ, ಬ್ಯಾಂಕಿನ ಕಂತು ಅವನ ತಲೆ ಮೇಲಿದೆ, ಅವನ ತಪ್ಪೂ ಅಲ್ಲ. ಮೂರನೇ ಮಹಡಿ ಯಜಮಾನರು ಮಾತ್ರ ಮೆಲ್ಲಗೆ ಕೆಳಗೆ ಬಂದು, ‘ಹೊಸತೊಡಕಿನ ಬಾಡೂಟಕ್ಕೆ ಏನು ವಿಶೇಷ ಅಂಕಲ್?’ ಅಂತ ಕೇಳಿದ್ರು. ಹೆಂಡ್ತಿಗೆ ಹೇಳ್ಬೇಡಿ ಅಂದ್ರು.

ನಿನ್ನೆ ಬೋರ್ಡ್ ನೋಡಿ ಯಾರೋ ಫೋನ್ ಮಾಡಿದ್ರು. ಪ್ರೇಮ್‌ಕುಮಾರ ಎತ್ತೋಕೆ ಮುಂಚೆ ನಾನು ಕಿತ್ಕೊಂಡೆ. ಹೆಣ್ಮಗಳ ದನಿ. ಎಷ್ಟು ಜನ ಅಂತ ಕೇಳ್ದೆ. ಮೆಟ್ಟಿಲು ಹತ್ತೋಕೆ ಆಗದ ವಯಸ್ಸಾದೋರು ಇದ್ದಾರಾ, ಗಾಡಿ ಇದ್ಯಾ ಅಂತ ಕೇಳ್ದೆ. ಬೋರ್‌ವೆಲ್ ನೀರು ಸ್ವಲ್ಪ ಗಡಸು, ಬೇಳೆ ಬೇಯೋಕೆ ಹೊತ್ತು ಹಿಡಿಯುತ್ತೆ ಅಂತ ಹೇಳ್ದೆ. ಇನ್ನೇನು ಇಡ್ಬೇಕು, ಅವಳೇ ಅಂದ್ಲು: ‘ಸಾರ್, ನೀವು ನನ್ನ ಹೆಸರು ಕೇಳ್ಲೇ ಇಲ್ಲ.’

‘ಬಂದಾಗ ಹೇಳಮ್ಮ’ ಅಂದೆ.

ಕಟ್ಟಾಯ್ತೇನೋ ಅಂತ ‘ಹಲೋ ಹಲೋ’ ಅಂದೆ. ಆಮೇಲೆ ‘ಬರ್ತೀವಿ ಸಾರ್’ ಅಂದ್ಲು.

ಯಾರು ಬರ್ತಾರೋ ನನಗೆ ಗೊತ್ತಿಲ್ಲ. ಸುಳ್ಳು ಹೇಳಲ್ಲ, ಭಯ ಆಗುತ್ತೆ ಕಣೋ. ಇಷ್ಟು ವಯಸ್ಸಾದ್ಮೇಲೆ ಬಾಗಿಲು ತೆಗೆಯೋಕೂ ಕಲೀಬೇಕು.

ಮನೆ ನೋಡೋರು ಸೋಮವಾರ ರಜ ಅಂತ ಅವತ್ತೇ ಬರ್ತಾರೆ. ನಮಗೆ ಅವತ್ತು ಯುಗಾದಿ ಮಾರನೇ ದಿನದ ಹೊಸತೊಡಕು. ಹಿಂದಿನ ಸಂಜೆ ಚಂದ್ರ ಕಂಡ್ರೆ ನಿಮಗೂ ಅವತ್ತೇ ಹಬ್ಬ. ನಮಾಜ್ ಮುಗಿಸ್ಕೊಂಡು ಸಾಮಿಯಾ, ಅಳಿಯ, ಮಗೂನ ಕರ್ಕೊಂಡು ಬಾ. ಕತ್ತಿ ತಗೊಂಡು ಬಾ. ಮುನೇಶ್ವರ ಕುಂಬಳಕಾಯಿ ತಿಂದಾಗಿನಿಂದ ಮುಖ ಊದಿಸ್ಕೊಂಡು ಕೂತಿದ್ದಾನೆ. ಮರಿ ತಂದು ಪಾರ್ಕಿಂಗಲ್ಲಿ ಕಟ್ಟಿದ್ದೀನಿ, ಯಾರದೋ ಕಾರಿನ ವೈಪರ್ ನೆಕ್ತಿದೆ. ಮನೆ ನೋಡೋಕೆ ಬರೋರಿಗೆ ಇಲ್ಲಿ ಏನು ಬೇಯುತ್ತೆ ಅಂತ ಗೇಟಲ್ಲೇ ವಾಸನೆ ಬಡೀಲಿ. ಈ ಮನೆ ಬೇಡ ಅನ್ನೋದಾದ್ರೆ ಅವರು ಅನ್ಲಿ.

ಊಟ ಆದ್ಮೇಲೆ ಟಿನ್ ಫ್ಯಾಕ್ಟರಿಗೆ ನಾನೂ ಬರ್ತೀನಿ. ಮಗೂನ ಎತ್ಕೊಂಡು ಬಸ್ಸಲ್ಲಿ ಕೂರೋನು ನಾನೇ, ಅಂಜನಂಗೆ ಹೇಳಿದ್ದೀನಿ.

ಜಗಲಿ ಕಲ್ಲು ತೊಳೆದಿಟ್ಟಿದ್ದೀನಿ. ಗೇಟ್ ಹತ್ರ ನಿಂತು ‘ಲೋ ಮುನಿ’ ಅಂತ ಕೂಗು.

ಈ ಸಲ ಒಳಗೆ ಹೋಗಲ್ಲ.

ಮುನಿ